ಬಾಡಿಗೆಗೆ ಪಡೆದ ಸಿನಿಮಾವನ್ನು ಬಳಗದ ಪ್ರದರ್ಶನಕ್ಕೆ ಬಳಸಬಹುದೇ?

ಮುಲುಂಡಿನ ಸ್ವಯಂಸೇವಕಿ:

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮುಲುಂಡಿನಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಬಳಗವಿದೆ. ಸ್ವಂತ ಕಟ್ಟಡವಿಲ್ಲದ ಕಾರಣ ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ಸದಸ್ಯರೊಬ್ಬರ ಹೌಸಿಂಗ್ ಸೊಸೈಟಿಯ ಹಾಲನ್ನು ಕೇಳಿ ಪಡೆದು, ಅಲ್ಲಿಯೇ ಪರದೆ ಕಟ್ಟಿ ಒಂದು ಕನ್ನಡ ಸಿನಿಮಾ ತೋರಿಸುತ್ತೇವೆ. ಬರುವವರು ನಲವತ್ತರಿಂದ ಅರವತ್ತು ಮಂದಿ. ಅವರಲ್ಲಿ ಹೆಚ್ಚಿನವರು ಹೋಟೆಲು, ಬ್ಯಾಂಕು, ಗಿರಣಿಗಳಲ್ಲಿ ದುಡಿದು ಈಗ ನಿವೃತ್ತರಾದವರು. ಟಿಕೆಟು ಇಲ್ಲ. ಚಹಾ ಮತ್ತು ಅವಲಕ್ಕಿಯ ಖರ್ಚನ್ನು ತಿಂಗಳಿಗೊಂದು ಮನೆಯವರು ವಹಿಸಿಕೊಳ್ಳುತ್ತಾರೆ.

ಈವರೆಗೆ ನಮ್ಮ ಹಿರಿಯ ಸದಸ್ಯರೊಬ್ಬರು ಊರಿಗೆ ಹೋದಾಗಲೆಲ್ಲ ಕೊಂಡು ತಂದ ಡಿವಿಡಿಗಳಿಂದಲೇ ಕೆಲಸ ಸಾಗುತ್ತಿತ್ತು. ಈಗ ಆ ಡಿವಿಡಿಗಳಿಗೆ ಗೀರು ಬಿದ್ದಿದೆ, ಪ್ಲೇಯರ್ ಕೆಟ್ಟು ಕುಳಿತಿದೆ, ಅದನ್ನು ರಿಪೇರಿ ಮಾಡುವವರೂ ಸಿಗುತ್ತಿಲ್ಲ. ಕಳೆದ ಸಭೆಯಲ್ಲಿ ಒಬ್ಬರು, ಆನ್‌ಲೈನಿನಲ್ಲಿ ನೂರು ರೂಪಾಯಿಯ ಆಸುಪಾಸಿಗೆ ಸಿನಿಮಾ ಬಾಡಿಗೆಗೆ ಸಿಗುವುದರಿಂದ ಅದನ್ನೇ ಲ್ಯಾಪ್‌ಟಾಪಿನಲ್ಲಿ ತೆಗೆದು ಪ್ರೊಜೆಕ್ಟರಿಗೆ ಜೋಡಿಸಿದರಾಯಿತು ಎಂದರು. ಎಲ್ಲರೂ ಒಪ್ಪಿದರು. ಜವಾಬ್ದಾರಿ ನನ್ನ ಪಾಲಿಗೆ ಬಂತು.

ಬಳಗದಲ್ಲಿ ಮಾಡುವ ಮೊದಲು ಮನೆಯಲ್ಲಿಯೇ ಒಮ್ಮೆ ನೋಡೋಣವೆಂದು ನಮ್ಮ ಮಾವನವರಿಗಾಗಿ ಒಂದು ಸಿನಿಮಾವನ್ನು ಬಾಡಿಗೆಗೆ ಪಡೆದೆ. ಅವರು ಮೊದಲ ದಿನ ಮುಕ್ಕಾಲು ಗಂಟೆ ನೋಡಿ ಮಲಗಿದರು. ಮರುದಿನ ಮನೆಗೆ ನೆಂಟರು ಬಂದರು. ಮೂರನೆಯ ದಿನ ತೆರೆದರೆ ಮತ್ತೆ ಹಣ ಕೊಡಿ ಎಂದು ಕೇಳಿತು. ಮಾವನವರು ನನ್ನನ್ನು ನೋಡಿದ ರೀತಿಯಿಂದ, ನಾನೇ ಏನೋ ತಪ್ಪು ಮಾಡಿದ್ದೇನೆ ಎಂದು ಅವರು ತಿಳಿದಂತಿತ್ತು. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಹೀಗೆ ಪಡೆದ ಸಿನಿಮಾವನ್ನು ಅರವತ್ತು ಜನರ ಮುಂದೆ ತೋರಿಸಬಹುದೇ, ಇಲ್ಲವಾದರೆ ಬೇರೆ ದಾರಿ ಯಾವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಡೊಂಬಿವಲಿ ಲೋಕಲ್:

ಅಕ್ಕ, ಕಾನೂನಿನ ಮಾತನ್ನು ಬಲ್ಲವರಿಗೆ ಬಿಡುತ್ತೇನೆ. ನಿಮ್ಮ ಮಾವನವರ ಸಿನಿಮಾ ಏಕೆ ಮುಚ್ಚಿಕೊಂಡಿತು ಎಂಬುದನ್ನಷ್ಟೇ ಹೇಳುತ್ತೇನೆ.

ಆನ್‌ಲೈನ್ ಬಾಡಿಗೆಯಲ್ಲಿ ಎರಡು ಗಡಿಯಾರಗಳಿವೆ. ಹಣ ಕೊಟ್ಟ ಕ್ಷಣದಿಂದ ಓಡುವ ಮೊದಲನೆಯದು ಸಾಮಾನ್ಯವಾಗಿ 30 ದಿನಗಳದ್ದು. ಅಷ್ಟರೊಳಗೆ ಸಿನಿಮಾ ನೋಡಲು ಆರಂಭಿಸಬೇಕು. ಪ್ಲೇ ಒತ್ತಿದ ಕ್ಷಣದಿಂದ ಓಡುವ ಎರಡನೆಯದು ಬಹುಮಟ್ಟಿಗೆ 48 ಗಂಟೆಗಳದ್ದು. ಆಪಲ್, ಯೂಟ್ಯೂಬ್, ಅಮೆಜಾನ್ ಪ್ರೈಮ್ ವಿಡಿಯೋದ ಬಾಡಿಗೆ ವಿಭಾಗ ಇವೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕವನ್ನು ಇಟ್ಟುಕೊಂಡಿವೆ. ಕೆಲವು ಸಿನಿಮಾಗಳಿಗೆ ಬೇರೆ ಅವಧಿ ಇರುವುದುಂಟು, ಆದ್ದರಿಂದ ಹಣ ಕೊಡುವ ಪುಟವನ್ನು ಓದಲೇಬೇಕು. ಎರಡನೆಯ ಗಡಿಯಾರ ನೋಡುಗರು ಮಲಗಿದರೆಂದು ನಿಲ್ಲುವುದಿಲ್ಲ, ನೆಂಟರು ಬಂದರೆಂದೂ ನಿಲ್ಲುವುದಿಲ್ಲ.

ಡೌನ್‌ಲೋಡ್ ಮಾಡಿಟ್ಟುಕೊಂಡರೆ ಅದು ನಮ್ಮದಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಆಗುವುದಿಲ್ಲ. ಇಳಿಸಿಕೊಂಡ ಕಡತಕ್ಕೆ ಬೀಗ ಹಾಕಿರುತ್ತದೆ. ಬೀಗದ ಕೈಯನ್ನು ಆ ಸೇವೆ ನಮ್ಮ ಫೋನಿಗೆ ಬೇರೆಯಾಗಿ ಕಳುಹಿಸುತ್ತದೆ, ಮತ್ತು ಅವಧಿ ಎಷ್ಟು ಎಂಬುದು ಆ ಬೀಗದ ಕೈಯಲ್ಲಿಯೇ ಬರೆದಿರುತ್ತದೆ. ಗೂಗಲ್‌ನ ವೈಡ್‌ವೈನ್, ಆಪಲ್‌ನ ಫೇರ್‌ಪ್ಲೇ, ಮೈಕ್ರೋಸಾಫ್ಟ್‌ನ ಪ್ಲೇರೆಡಿ ಎಂಬ ಮೂರು ವ್ಯವಸ್ಥೆಗಳು ಈ ಕೆಲಸವನ್ನು ಮಾಡುತ್ತವೆ. ಫೋನಿನ ಇಂಟರ್ನೆಟ್ ಬಂದ್ ಮಾಡಿದರೂ ಅವಧಿ ಮುಗಿದ ಮೇಲೆ ಕಡತ ತೆರೆಯುವುದಿಲ್ಲ. ಅದು ಜಾಗ ತಿನ್ನುತ್ತಾ ಕುಳಿತಿರುತ್ತದೆ, ಅಷ್ಟೇ.

ನಾನು ರಾತ್ರಿ ಮನೆಯ ವೈಫೈನಲ್ಲಿ ಇಳಿಸಿಕೊಂಡು ಲೋಕಲ್ ರೈಲಿನಲ್ಲಿ ನೋಡುವವನು. ಡೊಂಬಿವಲಿಯಿಂದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದವರೆಗೆ ಸೀಟು ಸಿಕ್ಕಿದರೆ ಒಂದು ಗಂಟೆ ಸಿನಿಮಾ ಆಗುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ ಮೂರು ಪ್ರಯಾಣ ಬೇಕು. ಸೋಮವಾರ ಬೆಳಗ್ಗೆ ಆರಂಭಿಸಿದರೆ ಮಂಗಳವಾರ ಸಂಜೆಯೊಳಗೆ ಮುಗಿಯುತ್ತದೆ. ನಡುವೆ ಎರಡು ಸಲ ಸೀಟು ಸಿಗದಿದ್ದರೆ ಕ್ಲೈಮ್ಯಾಕ್ಸ್ ಕೈತಪ್ಪಿತೆಂದೇ ಲೆಕ್ಕ. ಮೊಬೈಲ್ ಡೇಟಾದಲ್ಲಿ ಇಳಿಸುವ ಸಾಹಸ ಮಾಡಬೇಡಿ. ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಹರಿಯುವ ಎಚ್‌ಡಿ ಚಿತ್ರ ಗಂಟೆಗೆ ಸುಮಾರು 2.25 ಜಿಬಿ ತೆಗೆದುಕೊಳ್ಳುತ್ತದೆ. ಎರಡೂವರೆ ಗಂಟೆಗೆ ಐದೂವರೆ ಜಿಬಿ ದಾಟಿತು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕಿನಲ್ಲಿ ನಾಯಕನ ಪ್ರವೇಶವಾಗುವಷ್ಟರಲ್ಲಿ ಡೇಟಾ ಖಾಲಿಯಾಗಬಹುದು.

ಪ್ರೊಜೆಕ್ಟರಿನ ಬಗ್ಗೆ ಒಂದು ಎಚ್ಚರಿಕೆ. ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಮೂಲಕ ಚಿತ್ರ ಹೊರಗೆ ಹೋಗುವಾಗಲೂ ಎಚ್‌ಡಿಸಿಪಿ ಎಂಬ ರಕ್ಷಣೆಯ ತಪಾಸಣೆ ನಡೆಯುತ್ತದೆ. ಪ್ರೊಜೆಕ್ಟರ್ ಹಳೆಯದಾಗಿದ್ದು ಆ ತಪಾಸಣೆಗೆ ಉತ್ತರ ಕೊಡದಿದ್ದರೆ ಧ್ವನಿ ಮಾತ್ರ ಬಂದು ಪರದೆ ಕಪ್ಪಾಗಿ ಉಳಿಯಬಹುದು. ಎಚ್‌ಡಿ ಎಂದು ಹೆಚ್ಚು ಹಣ ಕೊಟ್ಟಿದ್ದರೂ ಕಂಪ್ಯೂಟರಿನ ಕೆಲವು ಬ್ರೌಸರುಗಳಲ್ಲಿ ಕಡಿಮೆ ದರ್ಜೆಯ ಚಿತ್ರವೇ ಬರುವುದಕ್ಕೂ ಬೀಗದ ವ್ಯವಸ್ಥೆಯೇ ಕಾರಣ. ಅಂಥ ಬ್ರೌಸರುಗಳಲ್ಲಿ ಬೀಗ ಯಂತ್ರಾಂಶದಲ್ಲಿರದೆ ಬರಿಯ ತಂತ್ರಾಂಶದಲ್ಲಿರುವುದರಿಂದ ಸೇವೆಯವರು ಅದನ್ನು ಪೂರ್ತಿಯಾಗಿ ನಂಬುವುದಿಲ್ಲ.

ಹಳೆಯ ಕ್ಯಾಸೆಟ್:

ಎಂಬತ್ತರ ದಶಕದ ಕೊನೆಯಿಂದ ಹದಿನೈದು ವರ್ಷ ಮಾಟುಂಗಾ ಪೂರ್ವದಲ್ಲಿ ಒಂದು ವಿಡಿಯೋ ಲೈಬ್ರರಿ ನಡೆಸಿದವನು ನಾನು. ಬಾಡಿಗೆ ಎಂಬ ಪದವನ್ನು ಕೇಳಿದ ಕೂಡಲೇ ಬರೆಯಬೇಕೆನಿಸಿತು.

ಆ ದಿನಗಳಲ್ಲಿ ಕಿಂಗ್ಸ್ ಸರ್ಕಲ್‌ನ ಅರೋರಾ ಚಿತ್ರಮಂದಿರದಲ್ಲಿ ದಕ್ಷಿಣದ ಭಾಷೆಗಳ ಚಿತ್ರಗಳು ಬರುತ್ತಿದ್ದವು. ಕನ್ನಡದ ಸರದಿ ಎಂದಾದರೊಮ್ಮೆ ಬರುತ್ತಿತ್ತು. ಉಳಿದ ದಿನಗಳಿಗೆ ನನ್ನ ಅಂಗಡಿ ಇತ್ತು. ಗಿರಾಕಿ ಠೇವಣಿ ಇಟ್ಟು, ಪುಸ್ತಕದಲ್ಲಿ ಹೆಸರು ಬರೆಸಿ, ಒಂದು ರಾತ್ರಿಗೆ ಕ್ಯಾಸೆಟ್ ಒಯ್ಯುತ್ತಿದ್ದರು. ವಿಸಿಆರ್ ಇಲ್ಲದವರಿಗೆ ಅದನ್ನೂ ಬಾಡಿಗೆಗೆ ಕೊಡುತ್ತಿದ್ದೆ. ಟೇಪನ್ನು ಹಿಂದಕ್ಕೆ ಸುತ್ತದೆ ತಂದರೆ ನಾನು ಗೊಣಗುತ್ತಿದ್ದೆ. ತಡವಾಗಿ ತಂದರೆ ಇನ್ನೊಂದು ದಿನದ ಬಾಡಿಗೆ ಹಿಡಿಯುತ್ತಿದ್ದೆ. ಆದರೆ ಗಿರಾಕಿಯ ಮನೆಯಲ್ಲಿ ಸಾವು ಸಂಭವಿಸಿದ್ದರಿಂದ ಕ್ಯಾಸೆಟ್ ವಾರದ ಮೇಲೆ ಬಂದಾಗ ಹಣದ ಮಾತೆತ್ತಿದವನಲ್ಲ. ಈಗಿನ ಗಡಿಯಾರಕ್ಕೆ ಆ ದಾಕ್ಷಿಣ್ಯವಿಲ್ಲ.

ನಾನು ಬಾಡಿಗೆಗೆ ಕೊಡುತ್ತಿದ್ದುದು ವಸ್ತುವನ್ನು. ಆ ರಾತ್ರಿ ಅದನ್ನು ಚಾಳಿನ ಹನ್ನೆರಡು ಮನೆಯವರು ಒಂದೇ ಕೋಣೆಯಲ್ಲಿ ಕೂತು ನೋಡಿದರೋ, ಒಬ್ಬರೇ ನೋಡಿದರೋ ಎಂದು ನಾನು ಕೇಳುತ್ತಿರಲಿಲ್ಲ, ಕೇಳಿದರೂ ಯಾರೂ ಹೇಳುತ್ತಿರಲಿಲ್ಲ. ಈಗ ಬಾಡಿಗೆಗೆ ಸಿಗುವುದು ವಸ್ತುವಲ್ಲ, ನೋಡುವ ಅವಕಾಶದ 48 ಗಂಟೆ. ಮುಲುಂಡಿನ ತಂಗಿಯ ಮಾವನವರಿಗೆ ಸಿಟ್ಟು ಬಂದದ್ದು ಸಹಜ, ಏಕೆಂದರೆ ಅವರು ನನ್ನ ಕಾಲದ ಬಾಡಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕುಳಿತಿದ್ದರು.

ಠಾಣೆಯ ಲೆಕ್ಕಿಗ:

ಬೆಲೆಯ ಬಗ್ಗೆ ಕೆಲವು ಮಾತು. ನಮ್ಮಲ್ಲಿ ಒಂದೊಂದು ಸಿನಿಮಾಕ್ಕೆ ಪ್ರತ್ಯೇಕವಾಗಿ ಹಣ ಕೊಟ್ಟು ನೋಡುವ ಪದ್ಧತಿ ಹೊಸದೇನಲ್ಲ. ಆಪಲ್‌ನ ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ, ಗೂಗಲ್ ಪ್ಲೇ ಮೂವೀಸ್ ಬಂದದ್ದು 2013ರಲ್ಲಿ. ನಮ್ಮ ಮುಂಬಯಿಯ ಬುಕ್‌ಮೈಶೋ 2021ರ ಫೆಬ್ರುವರಿಯಲ್ಲಿ ಇಂಥದೇ ಸೇವೆ ತೆರೆದಾಗ ದರ 40ರಿಂದ 700 ರೂಪಾಯಿಯವರೆಗೆ ಇತ್ತು. ಅಮೆಜಾನ್ ಪ್ರೈಮ್ ವಿಡಿಯೋ ಬಾಡಿಗೆ ವಿಭಾಗವನ್ನು ತೆರೆದದ್ದು 2022ರ ಏಪ್ರಿಲಿನಲ್ಲಿ. ಕನ್ನಡಿಗರಿಗೆ ಅದರ ಮೊದಲ ಪರಿಚಯ ‘ಕೆಜಿಎಫ್ 2’ರಿಂದ ಆಗಿರಬೇಕು. ಏಪ್ರಿಲ್ 14ರಂದು ತೆರೆಕಂಡ ಆ ಸಿನಿಮಾವನ್ನು ಮೇ 16ರಿಂದಲೇ, ಚಂದಾದಾರರಿಗೆ ಉಚಿತವಾಗಿ ಸಿಗುವ ಮೊದಲೇ, 199 ರೂಪಾಯಿಗೆ ಬಾಡಿಗೆಗೆ ಬಿಟ್ಟಿದ್ದರು. 2025ರ ಆಗಸ್ಟ್ 1ರಂದು ಆಮಿರ್ ಖಾನ್ ತಮ್ಮ ‘ಸಿತಾರೆ ಜಮೀನ್ ಪರ್’ ಚಿತ್ರವನ್ನು ಚಂದಾ ಸೇವೆಗಳಿಗೆ ಕೊಡದೆ ಯೂಟ್ಯೂಬಿನಲ್ಲಿ 100 ರೂಪಾಯಿಗೆ ಇಟ್ಟದ್ದು ಎಲ್ಲರಿಗೂ ನೆನಪಿದೆ.

ಹೀಗಿದ್ದರೂ ನಮ್ಮವರಿಗೆ ಬಾಡಿಗೆ ರುಚಿಸುವುದಿಲ್ಲ. ಪ್ರೈಮ್‌ನ ವಾರ್ಷಿಕ ಚಂದಾ 2021ರ ಡಿಸೆಂಬರಿನಲ್ಲಿ 999ರಿಂದ 1,499 ರೂಪಾಯಿಗೆ ಏರಿದ ಮೇಲೂ ತಿಂಗಳಿಗೆ ಬೀಳುವುದು 125 ರೂಪಾಯಿ. ತಿಂಗಳಿಗೆ ಒಂದೇ ಸಿನಿಮಾ ನೋಡುವ ಮನೆಗೆ ಬಾಡಿಗೆಯೂ ಚಂದಾವೂ ಸರಿಸಮ. ಎರಡು ನೋಡಿದರೆ ಚಂದಾವೇ ಲಾಭ. ನನ್ನ ಲೆಕ್ಕದಲ್ಲಿ ಬಾಡಿಗೆಯಿಂದ ಉಪಯೋಗವಾಗುವುದು ಒಂದೇ ಬಗೆಯ ಜನರಿಗೆ: ಯಾವ ಸಿನಿಮಾ ಬೇಕೆಂದು ಖಚಿತವಾಗಿ ಗೊತ್ತಿದ್ದು, ಅದನ್ನು ಇದೇ ಶನಿವಾರ ನೋಡುತ್ತೇವೆ ಎಂದು ನಿರ್ಧರಿಸಿದವರಿಗೆ. ಆ ದೃಷ್ಟಿಯಿಂದ ಮುಲುಂಡಿನ ಬಳಗ ಬಾಡಿಗೆಗೆ ತಕ್ಕ ಗಿರಾಕಿಯೇ. ಉಳಿದ ಪ್ರಶ್ನೆ ಕಾನೂನಿನದು.

ಫೋರ್ಟಿನ ವಕೀಲ:

ನನ್ನ ಉತ್ತರದಿಂದ ಬಳಗದವರಿಗೆ ಬೇಸರವಾಗಬಹುದು, ಕ್ಷಮಿಸಿ. ಇದನ್ನು ಸಾಮಾನ್ಯ ತಿಳಿವಳಿಕೆಯೆಂದು ಓದಿಕೊಳ್ಳಬೇಕು, ನಿಮ್ಮ ಪ್ರಕರಣದ ಕುರಿತ ಸಲಹೆಯೆಂದಲ್ಲ.

ಬಾಡಿಗೆಯ ಗುಂಡಿ ಒತ್ತುವಾಗ ನೀವು ಒಪ್ಪಿಕೊಳ್ಳುವ ಷರತ್ತುಗಳಲ್ಲಿ, ಈ ಚಿತ್ರವನ್ನು ವೈಯಕ್ತಿಕವಾಗಿ, ವಾಣಿಜ್ಯೇತರ ಉದ್ದೇಶಕ್ಕಾಗಿ ಮಾತ್ರ ನೋಡುತ್ತೇನೆ ಎಂಬ ಮಾತು ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಷರತ್ತನ್ನು ಪಕ್ಕಕ್ಕಿಟ್ಟರೂ, 1957ರ ಕೃತಿಸ್ವಾಮ್ಯ ಕಾಯ್ದೆಯ 14ನೆಯ ಸೆಕ್ಷನ್ ಸಿನಿಮಾದ ಹಕ್ಕುದಾರನಿಗೆ ಪ್ರತಿ ಮಾಡುವ, ಪ್ರತಿಯನ್ನು ಮಾರುವ ಅಥವಾ ಬಾಡಿಗೆಗೆ ಕೊಡುವ ಹಕ್ಕಿನ ಜೊತೆಗೆ ಚಿತ್ರವನ್ನು ಸಾರ್ವಜನಿಕರಿಗೆ ತಲುಪಿಸುವ ಹಕ್ಕನ್ನೂ ಪ್ರತ್ಯೇಕವಾಗಿ ಕೊಟ್ಟಿದೆ. ನೀವು ನೂರು ರೂಪಾಯಿ ಕೊಟ್ಟು ಪಡೆದದ್ದರಲ್ಲಿ ಈ ಕೊನೆಯ ಹಕ್ಕಿನ ಎಳೆಯೂ ಇಲ್ಲ. ಸಾರ್ವಜನಿಕರಿಗೆ ತಲುಪಿಸುವುದು ಎಂದರೇನು ಎಂದು ವಿವರಿಸುವಾಗ ಕಾಯ್ದೆಯು, ಉಪಗ್ರಹ ಅಥವಾ ಕೇಬಲ್‌ನಂಥ ಸಾಧನದ ಮೂಲಕ ಒಂದಕ್ಕಿಂತ ಹೆಚ್ಚು ಮನೆಗಳಿಗೆ ಏಕಕಾಲದಲ್ಲಿ ತಲುಪಿಸಿದರೂ, ಹೋಟೆಲಿನ ಕೋಣೆಗಳಿಗೆ ತಲುಪಿಸಿದರೂ ಅದು ಸಾರ್ವಜನಿಕವೇ ಎಂದು ಹೇಳಿದೆ. ಹೋಟೆಲು ನಡೆಸುವ ನಮ್ಮ ಬಂಧುಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಹೇಳಲು ಸಂಕೋಚವಾಗುವ ಇನ್ನೊಂದು ಮಾತಿದೆ. ನೀವು ಈವರೆಗೆ ತೋರಿಸಿದ ಡಿವಿಡಿಗಳೂ ಮನೆಯ ಬಳಕೆಗೆಂದೇ ಮಾರಾಟವಾದವು. ಹೆಚ್ಚಿನ ಡಿವಿಡಿಗಳ ಆರಂಭದಲ್ಲಿ ಬರುವ, ಯಾರೂ ಓದದ ಆ ಎಚ್ಚರಿಕೆಯ ಫಲಕದಲ್ಲಿ ಬರೆದಿರುವುದು ಇದನ್ನೇ.

ಚೆಂಬೂರಿನ ಕಾರ್ಯದರ್ಶಿ:

ವಕೀಲರೇ, ಒಂದು ಆಕ್ಷೇಪವಿದೆ. ನಮ್ಮ ಸಂಘದಲ್ಲಿ ನಾಟಕಗಳನ್ನು ಆಡಿಸುವಾಗ, ಹವ್ಯಾಸಿ ಸಂಸ್ಥೆಗಳು ಉಚಿತ ಪ್ರದರ್ಶನ ನೀಡಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ ಎಂದು ಹಿಂದಿನ ಅಧ್ಯಕ್ಷರು ಹೇಳುತ್ತಿದ್ದರು. ಮುಲುಂಡಿನವರೂ ಹಣ ಪಡೆಯುತ್ತಿಲ್ಲ. ಜೊತೆಗೆ ಅವರು ತೋರಿಸುತ್ತಿರುವುದು ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ, ಚಿತ್ರಮಂದಿರದಲ್ಲಲ್ಲ. ಇಷ್ಟರ ಮೇಲೂ ತಪ್ಪೆಂದರೆ ಗಣೇಶೋತ್ಸವದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುವ ಮಂಡಳಿಗಳೆಲ್ಲ ಜೈಲಿಗೆ ಹೋಗಬೇಕಾದೀತು.

ಫೋರ್ಟಿನ ವಕೀಲ:

ಕಾರ್ಯದರ್ಶಿಗಳೇ, ನಿಮ್ಮ ಹಿಂದಿನ ಅಧ್ಯಕ್ಷರು ಹೇಳಿದ್ದು ನಾಟಕದ ಮಟ್ಟಿಗೆ ಸರಿಯಾಗಿಯೇ ಇತ್ತು. 52ನೆಯ ಸೆಕ್ಷನ್ನಿನಲ್ಲಿ ಅಂಥ ವಿನಾಯಿತಿ ಇದೆ. ಆದರೆ ಅದು ಸಾಹಿತ್ಯ, ನಾಟಕ ಮತ್ತು ಸಂಗೀತ ಕೃತಿಗಳನ್ನು ಹವ್ಯಾಸಿ ಕೂಟಗಳು ಹಣ ಕೊಡದ ಪ್ರೇಕ್ಷಕರ ಮುಂದೆ ಪ್ರದರ್ಶಿಸುವುದಕ್ಕೆ ಸೀಮಿತವಾಗಿದೆ. ಸಿನಿಮಾವೂ ಒಂದು ಬಗೆಯ ನಾಟಕವೇ ಅಲ್ಲವೇ ಎಂದು ನೀವು ಕೇಳಬಹುದು. ಆ ಪ್ರಶ್ನೆ ಬರುತ್ತದೆಂದು ಕಾಯ್ದೆ ಬರೆದವರಿಗೂ ಗೊತ್ತಿದ್ದಿರಬೇಕು. ನಾಟಕ ಕೃತಿಯ ವ್ಯಾಖ್ಯೆಯಲ್ಲಿಯೇ, ಅದರಲ್ಲಿ ಚಲನಚಿತ್ರ ಸೇರುವುದಿಲ್ಲ ಎಂದು ಬರೆದಿಟ್ಟಿದ್ದಾರೆ. ನಿವಾಸಿಗಳ ಸಾಮಾನ್ಯ ಬಳಕೆಯ ಹಾಲಿಗೂ ಲಾಭದ ಉದ್ದೇಶವಿಲ್ಲದ ಕ್ಲಬ್ಬಿಗೂ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ವಿನಾಯಿತಿ ಇದೆ. ಅದು ಧ್ವನಿಮುದ್ರಿಕೆಯನ್ನು ಕೇಳಿಸುವುದಕ್ಕೆ, ಅಂದರೆ ಹಾಡು ಹಾಕುವುದಕ್ಕೆ ಮಾತ್ರ.

ಬಳಗಕ್ಕೆ ಅನುಕೂಲವಾಗುವ ಅಂಶವೂ ಒಂದಿದೆ. 2012ರ ತಿದ್ದುಪಡಿಯಲ್ಲಿ ‘ವಾಣಿಜ್ಯ ಬಾಡಿಗೆ’ ಎಂಬುದಕ್ಕೆ ವ್ಯಾಖ್ಯೆ ಕೊಡುವಾಗ, ಲಾಭದ ಉದ್ದೇಶವಿಲ್ಲದ ಗ್ರಂಥಾಲಯವು ನ್ಯಾಯವಾಗಿ ಪಡೆದ ಸಿನಿಮಾ ಪ್ರತಿಯನ್ನು ಎರವಲು ಕೊಡುವುದನ್ನು ಅದರಿಂದ ಹೊರಗಿಟ್ಟಿದ್ದಾರೆ. ಆದ್ದರಿಂದ ನಿಮ್ಮ ಹಿರಿಯರ ಡಿವಿಡಿಗಳಲ್ಲಿ ಗೀರು ಬೀಳದೆ ಉಳಿದವನ್ನು ಬಳಗದ ಗ್ರಂಥಾಲಯಕ್ಕೆ ಸೇರಿಸಿ, ಪುಸ್ತಕದಂತೆ ಸದಸ್ಯರ ಮನೆಗಳಿಗೆ ಎರವಲು ಕೊಡಬಹುದು. ಆನ್‌ಲೈನ್ ಬಾಡಿಗೆಯಲ್ಲಿ ಇದು ಸಾಧ್ಯವೇ ಇಲ್ಲ, ಏಕೆಂದರೆ ಎರವಲು ಕೊಡಲು ಕೈಯಲ್ಲಿ ಪ್ರತಿಯೇ ಇರುವುದಿಲ್ಲ. ‘ಹಳೆಯ ಕ್ಯಾಸೆಟ್’ ಅವರು ಹೇಳಿದ ವಸ್ತು ಮತ್ತು ಅವಕಾಶದ ವ್ಯತ್ಯಾಸವನ್ನು ನಾನು ಕಾನೂನಿನ ಭಾಷೆಯಲ್ಲಿ ಇಷ್ಟು ಚೆನ್ನಾಗಿ ಹೇಳಲಾರೆ.

ಗಣೇಶೋತ್ಸವದ ಮಂಡಳಿಗಳ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ. ನಾನೂ ಒಂದು ಮಂಡಳಿಯ ಸದಸ್ಯ.

ಕಾಂದಿವಲಿ ಪೂರ್ವ:

ಇಷ್ಟೆಲ್ಲ ಗೊಂದಲ ಏಕೆ? ಯಾವ ಸಿನಿಮಾ ಬೇಕಾದರೂ ಟೆಲಿಗ್ರಾಮಿನ ಗುಂಪುಗಳಲ್ಲಿ ಸಿಗುತ್ತದೆ, 48 ಗಂಟೆಯ ಕಾಟವೂ ಇಲ್ಲ, ಕಪ್ಪು ಪರದೆಯೂ ಇಲ್ಲ. ಬಾಡಿಗೆಯಲ್ಲಿಯೇ ತೋರಿಸಬೇಕೆಂದಿದ್ದರೆ ಎಚ್‌ಡಿಸಿಪಿಯನ್ನು ಕಳಚುವ ಸ್ಪ್ಲಿಟರ್ ಎಂಬ ಚಿಕ್ಕ ಪೆಟ್ಟಿಗೆಗಳು ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ.

ಹಳೆಯ ಕ್ಯಾಸೆಟ್:

ತಮ್ಮಾ, ನಿನ್ನ ಮಾತಿಗೆ ಉತ್ತರಿಸುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ ತಿಳಿಯದು, ಏಕೆಂದರೆ ನನ್ನ ಅಂಗಡಿಯಲ್ಲಿದ್ದ ಕ್ಯಾಸೆಟ್ಟುಗಳೆಲ್ಲ ಕಂಪನಿಯವೇ ಎಂದು ಎದೆ ತಟ್ಟಿ ಹೇಳಲಾರೆ. ಒಂದನ್ನು ಕೊಂಡು ನಾಲ್ಕು ಮಾಡುವ ಯಂತ್ರ ಆಗ ಎಲ್ಲರ ಬಳಿಯೂ ಇತ್ತು, ನನ್ನ ಬಳಿಯೂ ಇತ್ತು. ಕನ್ನಡದ ಕ್ಯಾಸೆಟ್ಟಿಗೆ ಇಲ್ಲಿ ಗಿರಾಕಿ ಕಡಿಮೆ, ತರಿಸುವ ಖರ್ಚು ಹೆಚ್ಚು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮುಂದೆ 2007ರಲ್ಲಿ ಮೋಸರ್ ಬೇಯರ್ ಕಂಪನಿಯವರು 28 ರೂಪಾಯಿಗೆ ಅಸಲಿ ವಿಸಿಡಿಯನ್ನೇ ಮಾರತೊಡಗಿದಾಗ, ನಾವು ಬಾಡಿಗೆಗೆ ಪಡೆಯುತ್ತಿದ್ದ ಹಣಕ್ಕೂ ಕೊಳ್ಳುವ ಬೆಲೆಗೂ ಅಂತರವೇ ಉಳಿಯದಷ್ಟು ಕಡಿಮೆಯಾಯಿತು. ಅಷ್ಟರಲ್ಲಿ ನಾನು ಅಂಗಡಿ ಮುಚ್ಚಿ ಸ್ಟೇಷನರಿ ವ್ಯಾಪಾರಕ್ಕೆ ಇಳಿದಾಗಿತ್ತು. ನಾನು ಮಾಡಿದ್ದನ್ನು ನೀನೂ ಮಾಡು ಎಂದು ಹೇಳಲು ಬಾಯಿ ಬರುವುದಿಲ್ಲ.

ಫೋರ್ಟಿನ ವಕೀಲ:

ಕಾಂದಿವಲಿಯವರ ಗಮನಕ್ಕೆ: ರಕ್ಷಣೆಯ ಬೀಗವನ್ನು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿಯುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 65ಎ ಸೆಕ್ಷನ್ನಿನಡಿ ಎರಡು ವರ್ಷದವರೆಗಿನ ಸಜೆ ಮತ್ತು ದಂಡವಿದೆ. 2023ರ ಚಲನಚಿತ್ರ ತಿದ್ದುಪಡಿ ಕಾಯ್ದೆಯು ಚಿತ್ರಮಂದಿರದಲ್ಲಿ ಅನಧಿಕೃತವಾಗಿ ಚಿತ್ರೀಕರಿಸುವುದಕ್ಕೂ ಅಂಥ ಪ್ರತಿಯನ್ನು ಪ್ರದರ್ಶಿಸುವುದಕ್ಕೂ ಕನಿಷ್ಠ ಮೂರು ತಿಂಗಳ ಸಜೆ ಮತ್ತು ಮೂರು ಲಕ್ಷ ರೂಪಾಯಿ ದಂಡವನ್ನು ಇಟ್ಟಿದೆ. ಅವಲಕ್ಕಿ, ಚಹಾದ ಕಾರ್ಯಕ್ರಮಕ್ಕೆ ಇದು ದುಬಾರಿ.

ಪುಣೆಯ ಪ್ರೇಕ್ಷಕ:

ತಡವಾಗಿ ಸೇರಿಕೊಂಡಿದ್ದೇನೆ. ಲಾ ಕಾಲೇಜ್ ರಸ್ತೆಯ ಚಲನಚಿತ್ರ ಭಂಡಾರದಲ್ಲಿ, ಅಂದರೆ 1964ರಲ್ಲಿ ಆರಂಭವಾದ ರಾಷ್ಟ್ರೀಯ ಸಂಗ್ರಹಾಲಯದಲ್ಲಿ, ನಾನು ಹಲವು ವರ್ಷ ಸಿನಿಮಾ ನೋಡಿದ್ದೇನೆ. ಆದ್ದರಿಂದ ನನ್ನ ಸಲಹೆ ಆ ಕಡೆಗೆ ವಾಲಿದ್ದರೆ ಆಶ್ಚರ್ಯಪಡಬೇಡಿ.

ನಿಮ್ಮ ಹಿರಿಯರಿಗೆ ಬೇಕಾಗಿರುವುದು ಹೊಸ ಸಿನಿಮಾವೇ ಎಂದು ಮೊದಲು ಕೇಳಿ ನೋಡಿ. ನಮ್ಮ ಕಾನೂನಿನಲ್ಲಿ ಸಿನಿಮಾದ ಕೃತಿಸ್ವಾಮ್ಯ, ಅದು ಪ್ರಕಟವಾದ ವರ್ಷದ ಮರುವರ್ಷದ ಆರಂಭದಿಂದ 60 ವರ್ಷ. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ಅದರ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ರಾಜ್‌ಕುಮಾರ್ ಮೊದಲ ಬಾರಿ ನಾಯಕರಾದ ‘ಬೇಡರ ಕಣ್ಣಪ್ಪ’ 1954ರದು, ಅದು ಹತ್ತು ವರ್ಷ ಮೊದಲೇ ಮುಕ್ತವಾಗಿದೆ. ಹೀಗೆ ವರ್ಷದಿಂದ ವರ್ಷಕ್ಕೆ ನಿಮ್ಮ ಪಟ್ಟಿ ತಾನಾಗಿ ಬೆಳೆಯುತ್ತದೆ.

ಎರಡನೆಯ ದಾರಿ ನಿರ್ಮಾಪಕರಿಗೆ ನೇರವಾಗಿ ಕಾಗದ ಬರೆಯುವುದು. ದೊಡ್ಡ ಚಿತ್ರಗಳ ಮಾತು ಬೇರೆ, ಅವುಗಳ ಡಿಜಿಟಲ್ ಹಕ್ಕುಗಳು ಮಾರಾಟವಾಗಿ ನಿರ್ಮಾಪಕರ ಕೈಯಲ್ಲಿಯೇ ಏನೂ ಉಳಿದಿರುವುದಿಲ್ಲ. ಚಿಕ್ಕ ಕನ್ನಡ ಚಿತ್ರಗಳನ್ನು ಚಂದಾ ಸೇವೆಗಳು ಸುಲಭವಾಗಿ ಕೊಳ್ಳುವುದಿಲ್ಲ ಎಂಬುದು ಈಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬಂದ ದೂರು. ಕರಾವಳಿಯ ಕಥೆಗಳ ‘ಏಕಂ’ ಸರಣಿಯನ್ನು ರಕ್ಷಿತ್ ಶೆಟ್ಟಿಯವರ ಸಂಸ್ಥೆ ಕೊನೆಗೆ 2024ರಲ್ಲಿ ತನ್ನದೇ ಜಾಲತಾಣದಲ್ಲಿ ಹಣ ಪಡೆದು ತೋರಿಸಬೇಕಾಯಿತು. ಇಂಥ ಸ್ಥಿತಿಯಲ್ಲಿ ಹೊರನಾಡಿನ ಒಂದು ಬಳಗ ಗೌರವಧನ ಕೊಟ್ಟು ಚಿತ್ರ ತೋರಿಸುತ್ತೇವೆ ಎಂದರೆ ಬೇಡವೆನ್ನುವವರು ಕಡಿಮೆ. ಪುಣೆಯಲ್ಲಿ ನಾವು ನಾಲ್ವರಿಗೆ ಬರೆದಿದ್ದೆವು; ಇಬ್ಬರು ಒಪ್ಪಿದರು, ಒಬ್ಬರು ಉತ್ತರಿಸಲಿಲ್ಲ, ಇನ್ನೊಬ್ಬರು ತಾವೇ ಬಂದು ಮಾತನಾಡುತ್ತೇವೆ ಎಂದು ಹೊರಟು ನಿಂತರು, ಅವರ ಪ್ರಯಾಣದ ಖರ್ಚಿಗೆ ನಮ್ಮಲ್ಲಿ ಹಣವಿರಲಿಲ್ಲ.

ಫೋರ್ಟಿನ ವಕೀಲ:

ಪುಣೆಯವರ ಮೊದಲ ದಾರಿಗೆ ಎರಡು ಮುಳ್ಳುಗಳಿವೆ. ಸಿನಿಮಾದ ಅವಧಿ ಮುಗಿದರೂ ಅದರ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಬೇರೆಯಾಗಿ ಉಳಿಯುತ್ತದೆ, ಆದ್ದರಿಂದ ಹಳೆಯದೆಲ್ಲವೂ ಪೂರ್ತಿ ಮುಕ್ತ ಎಂದು ಹೇಳಲಾಗದು. ಹಾಗೆಯೇ, ಮುಕ್ತವಾದ ಸಿನಿಮಾವನ್ನೇ ಆನ್‌ಲೈನ್ ಸೇವೆಯಿಂದ ಬಾಡಿಗೆಗೆ ಪಡೆದರೆ ಆ ಸೇವೆಯ ಷರತ್ತು ನಿಮ್ಮನ್ನು ಕಟ್ಟಿಹಾಕುತ್ತದೆ. ಪ್ರತಿಯನ್ನು ಬೇರೆ ಕಡೆಯಿಂದ ಪಡೆಯಬೇಕು. ಎರಡನೆಯ ದಾರಿಯೇ ಲೇಸು. ಅನುಮತಿ ಫೋನಿನಲ್ಲಿ ಬೇಡ, ಕಾಗದದಲ್ಲಿ ಇರಲಿ: ಸಿನಿಮಾದ ಹೆಸರು, ದಿನಾಂಕ, ಸ್ಥಳ, ಎಷ್ಟು ಪ್ರದರ್ಶನ, ಟಿಕೆಟು ಇಲ್ಲವೆಂಬ ಮಾತು, ಮತ್ತು ಪ್ರದರ್ಶನದ ಹಕ್ಕು ಇಂದಿಗೂ ತಮ್ಮಲ್ಲಿಯೇ ಇದೆ ಎಂಬ ನಿರ್ಮಾಪಕರ ಹೇಳಿಕೆ. ಕೊನೆಯದನ್ನು ಮರೆಯಬೇಡಿ. ಸೆನ್ಸಾರ್ ಪ್ರಮಾಣಪತ್ರದ ಪ್ರತಿಯನ್ನೂ ಕೇಳಿ ಪಡೆಯಿರಿ.

ಮಡಗಾಂವಿನ ಶಿಕ್ಷಕಿ:

ಬಳಗದ ಪ್ರಶ್ನೆಯಿಂದ ಸ್ವಲ್ಪ ಪಕ್ಕಕ್ಕೆ ಸರಿದು, ಮನೆಯಲ್ಲಿ ನೋಡುವವರಿಗಾಗಿ ಬರೆಯುತ್ತಿದ್ದೇನೆ. ನಮ್ಮ ತಾಯಿಗೆ ಎಂಬತ್ತೆರಡು. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತು ಗೊತ್ತಿಲ್ಲವಾದ್ದರಿಂದ ನಾನು ಸಿನಿಮಾವನ್ನು ಮೊದಲೇ ಟ್ಯಾಬ್ಲೆಟ್ಟಿಗೆ ಇಳಿಸಿಟ್ಟು, ತಾಯಿ ಕನ್ನಡಕ ಹಾಕಿಕೊಂಡು ಕುಳಿತ ಮೇಲೆಯೇ ಪ್ಲೇ ಒತ್ತುತ್ತೇನೆ. ಸರಿಯಾಗಿ ಬರುತ್ತದೆಯೇ ನೋಡೋಣವೆಂದು ಹಿಂದಿನ ರಾತ್ರಿ ಹತ್ತು ಸೆಕೆಂಡು ಪರೀಕ್ಷಿಸಿದರೂ ಎರಡನೆಯ ಗಡಿಯಾರ ಆರಂಭವಾಗುತ್ತದೆ. ಇದನ್ನು ನಾನು ಹಣ ಕಳೆದುಕೊಂಡು ಕಲಿತೆ.

ಇನ್ನೊಂದು ಸಲ ಯುಪಿಐ ಮೂಲಕ ಹಣ ಹೋಯಿತು, ಸಿನಿಮಾ ತೆರೆಯಲಿಲ್ಲ. ಆ ಸೇವೆಯ ಸಹಾಯವಾಣಿಯಲ್ಲಿ ಮಾತನಾಡಿದವರು ಬ್ಯಾಂಕಿನವರನ್ನು ಕೇಳಿ ಎಂದರು, ಬ್ಯಾಂಕಿನವರು ಅವರನ್ನೇ ಕೇಳಿ ಎಂದರು. ಪ್ಲೇ ಒತ್ತದೆ ಇದ್ದ ಕಾರಣ, ಪರದೆಯ ಚಿತ್ರವನ್ನು ಕಳುಹಿಸಿದ ಮೇಲೆ ಒಂಬತ್ತನೆಯ ದಿನ ಹಣ ಮರಳಿತು. ಒತ್ತಿದ್ದರೆ ಮರಳುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಬಾಡಿಗೆಯ ಪಕ್ಕದಲ್ಲಿಯೇ ಮೂರು ನಾಲ್ಕು ಪಟ್ಟು ಬೆಲೆಗೆ ‘ಖರೀದಿಸಿ’ ಎಂಬ ಗುಂಡಿ ಇರುತ್ತದೆಯಲ್ಲ, ಅದನ್ನು ಒತ್ತಿದರೆ ಸಿನಿಮಾ ನಮ್ಮದೇ ಆಗುತ್ತದೆಯೇ? ತಾಯಿ ಒಂದೇ ಸಿನಿಮಾವನ್ನು ವರ್ಷಕ್ಕೆ ನಾಲ್ಕು ಸಲ ನೋಡುವವರು, ಆದ್ದರಿಂದ ಕೇಳುತ್ತಿದ್ದೇನೆ.

ಡೊಂಬಿವಲಿ ಲೋಕಲ್:

ಮೇಡಂ, ಖರೀದಿಯೂ ಪರವಾನಗಿಯೇ, ಅವಧಿ ಮಾತ್ರ ಉದ್ದ. ಅಂಗಡಿ ಇರುವವರೆಗೆ, ಆ ಸಿನಿಮಾದ ಹಕ್ಕು ಅಂಗಡಿಯಲ್ಲಿ ಇರುವವರೆಗೆ. ಮೈಕ್ರೋಸಾಫ್ಟ್ 2025ರ ಜುಲೈಯಲ್ಲಿ ಸಿನಿಮಾ ಮಾರಾಟವನ್ನೇ ನಿಲ್ಲಿಸಿತು. ಈಗಾಗಲೇ ಕೊಂಡವರು ನೋಡಬಹುದು ಎಂದಿದೆ, ಆದರೆ ಎಷ್ಟು ಕಾಲ ಎಂಬುದು ನಮ್ಮ ಕೈಯಲ್ಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಹೀಗೆ ಮಾರುವವರು ಇದು ಪರವಾನಗಿ ಮಾತ್ರ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಪದವನ್ನು ಬಳಸುವಂತಿಲ್ಲ. ತಾಯಿಯವರಿಗೆ ಅಷ್ಟು ಇಷ್ಟವಾದ ಸಿನಿಮಾದ ಡಿವಿಡಿ ಎಲ್ಲಾದರೂ ಸಿಕ್ಕಿದರೆ ಈಗಲೇ ಕೊಂಡಿಡಿ, ಒಂದು ಪ್ಲೇಯರನ್ನೂ ಸೇರಿಸಿ.

ಮುಲುಂಡಿನ ಸ್ವಯಂಸೇವಕಿ:

ಎಲ್ಲರಿಗೂ ಕೃತಜ್ಞತೆಗಳು. ಉತ್ತರಿಸಲು ಮೂರು ವಾರ ತಡವಾಯಿತು. ಡಿವಿಡಿಗಳ ಬಗ್ಗೆ ವಕೀಲರು ಬರೆದದ್ದನ್ನು ಸಭೆಯಲ್ಲಿ ಓದಿದಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಡಿವಿಡಿ ಕೊಟ್ಟಿದ್ದ ಹಿರಿಯರು ಮಾತ್ರ, ಹಾಗಾದರೆ ನಾನು ಏಳು ವರ್ಷದಿಂದ ಅಪರಾಧಿ ಎಂದು ನಗುತ್ತಾ ಎರಡನೆಯ ಲೋಟ ಚಹಾ ತೆಗೆದುಕೊಂಡರು. ಅವರ ಸಂಗ್ರಹದಲ್ಲಿ ಚೆನ್ನಾಗಿರುವ ಮೂವತ್ತೊಂದು ಡಿವಿಡಿಗಳು ಗ್ರಂಥಾಲಯದ ಕಪಾಟಿಗೆ ಸೇರಿವೆ, ಎರವಲು ಪುಸ್ತಕವೂ ಆರಂಭವಾಗಿದೆ. ಪ್ಲೇಯರ್ ಇರುವ ಮನೆಗಳು ಆರು ಎಂದು ತಿಳಿಯಿತು.

ಪುಣೆಯವರು ಹೇಳಿದಂತೆ ಮೂವರು ನಿರ್ಮಾಪಕರಿಗೆ ಬರೆದೆವು. ಒಬ್ಬರು ಒಪ್ಪಿ, ಎರಡು ಸಾವಿರ ರೂಪಾಯಿ ಗೌರವಧನ ಕೇಳಿದ್ದಾರೆ. ಕಾಗದದಲ್ಲಿ ವಕೀಲರು ಹೇಳಿದ ಎಲ್ಲ ಅಂಶಗಳೂ ಇವೆ. ಸಿನಿಮಾವನ್ನು ಪೆನ್‌ಡ್ರೈವಿನಲ್ಲಿ ಕೊರಿಯರ್ ಮಾಡಿದ್ದಾರೆ, ಅದಕ್ಕೆ ಯಾವ ಬೀಗವೂ ಇಲ್ಲ, ಪ್ರದರ್ಶನದ ನಂತರ ಹಿಂದಿರುಗಿಸಬೇಕು. ‘ಹಳೆಯ ಕ್ಯಾಸೆಟ್’ ಅವರಿಗೆ ಇದು ಇಷ್ಟವಾಗಬಹುದು. ಮಾವನವರ ಅರ್ಧ ಉಳಿದ ಸಿನಿಮಾಕ್ಕೆ ಮತ್ತೆ ಹಣ ಕೊಟ್ಟೆ. ಈ ಸಲ ಭಾನುವಾರ ಮಧ್ಯಾಹ್ನ ಊಟಕ್ಕೆ ಮೊದಲೇ ಆರಂಭಿಸಿದ್ದರಿಂದ ಅವರು ಕೊನೆಯವರೆಗೆ ಎಚ್ಚರವಾಗಿದ್ದರು.

ಡೊಂಬಿವಲಿಯವರಿಗೆ ಒಂದು ಪ್ರಶ್ನೆ ಉಳಿದಿದೆ. ಹಾಲಿನಲ್ಲಿ ಪ್ರೊಜೆಕ್ಟರಿಗೂ ಲ್ಯಾಪ್‌ಟಾಪ್ ಇಡುವ ಮೇಜಿಗೂ ಸುಮಾರು ಹನ್ನೆರಡು ಮೀಟರ್ ದೂರವಿದೆ. ಅಷ್ಟು ಉದ್ದದ ಎಚ್‌ಡಿಎಂಐ ಕೇಬಲಿನಲ್ಲಿ ಚಿತ್ರ ಸರಿಯಾಗಿ ಬರುತ್ತದೆಯೇ?

ಡೊಂಬಿವಲಿ ಲೋಕಲ್:

ಸಾಮಾನ್ಯ ಕೇಬಲಿನಲ್ಲಿ ಅಷ್ಟು ದೂರಕ್ಕೆ ಚಿತ್ರ ಮಿಣುಕುವ ಸಂಭವವಿದೆ, ಅಕ್ಕ. ಮೇಜನ್ನೇ ಪ್ರೊಜೆಕ್ಟರಿನ ಹತ್ತಿರಕ್ಕೆ ಎಳೆದು, ಮೂರು ಮೀಟರಿನ ಕೇಬಲ್ ಹಾಕಿ, ಧ್ವನಿಯ ತಂತಿಯನ್ನು ಮಾತ್ರ ಉದ್ದ ಮಾಡಿಕೊಳ್ಳಿ. ಶನಿವಾರ ನಾನು ನಾಲ್ಕು ಗಂಟೆಗೇ ಮುಲುಂಡಿಗೆ ಬರುತ್ತೇನೆ, ಜೋಡಿಸಿ ನೋಡೋಣ.